ನೆರಳಿನ ಜಗಳ: ಸ್ಯಾನ್ ಫ್ರಾನ್ಸಿಸ್ಕೊದ ಪಿರಮಿಡ್ ಮತ್ತು ಅದರ ಪಕ್ಕದ ಕಾಡು

ಮೊದಲು ಅಲ್ಲಿ ನೆಲವೇ ಇರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಮಾಂಟ್ಗೊಮರಿ ಬೀದಿ ಎಂದು ಇವತ್ತು ಕರೆಯುವ ಕಡೆಗೇ ಕೊಲ್ಲಿಯ ನೀರು ಬಂದು ನಿಲ್ಲುತ್ತಿತ್ತು. 1849ರಲ್ಲಿ ಚಿನ್ನದ ಸುದ್ದಿ ಕೇಳಿ ಹಡಗುಗಳು ಒಂದರ ಹಿಂದೊಂದು ಬಂದವು. ಬಂದ ಹಡಗಿನ ಖಲಾಸಿಗಳೂ ಗುದ್ದಲಿ ಹಿಡಿದು ಗುಡ್ಡದ ಕಡೆ ಓಡಿದ್ದರಿಂದ ಅವನ್ನು ವಾಪಸ್ ನಡೆಸಿಕೊಂಡು ಹೋಗಲು ಜನವೇ ಉಳಿಯಲಿಲ್ಲ. ನಯಾಂಟಿಕ್ ಎಂಬ ಹಡಗನ್ನು ದಡಕ್ಕೆಳೆದು ಉಗ್ರಾಣ ಮಾಡಿಕೊಂಡರು. 1851ರ ಬೆಂಕಿಯಲ್ಲಿ ಅದು ಸುಟ್ಟಿತು. ಉಳಿದ ತಳದ ಮೇಲೆ ಹೋಟೆಲ್ ಎದ್ದಿತು. ಕೊಲ್ಲಿಗೆ ಮಣ್ಣು ಸುರಿದು ಸುರಿದು ಊರು ಪೂರ್ವಕ್ಕೆ ಬೆಳೆಯಿತು. ಕ್ಲೇ ಮತ್ತು ಸ್ಯಾನ್ಸಮ್ ಬೀದಿಗಳು ಕೂಡುವಲ್ಲಿ 1978ರಲ್ಲಿ ಹೊಸ ಕಟ್ಟಡಕ್ಕೆ ಪಾಯ ತೋಡುತ್ತಿದ್ದವರಿಗೆ ಆ ಹಡಗಿನ ಅವಶೇಷ ಮತ್ತೆ ಸಿಕ್ಕಿತು. ಅಲ್ಲಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಆಗಲೇ 853 ಅಡಿಯ ಬಿಳಿ ಪಿರಮಿಡ್ ಒಂದು ನಿಂತಿತ್ತು.

ಪಿರಮಿಡ್ ನಿಂತ ಜಾಗದಲ್ಲಿ ಮೊದಲು ಇದ್ದದ್ದು ಇನ್ನೊಂದು ಕಟ್ಟಡ, ಅದರ ಕಥೆಯೂ ಕಡಿಮೆಯದಲ್ಲ. ಹೆನ್ರಿ ಹ್ಯಾಲೆಕ್ ಎಂಬ ವಕೀಲ 1853ರಲ್ಲಿ ಇಲ್ಲಿ ನಾಲ್ಕು ಅಂತಸ್ತಿನ ಇಟ್ಟಿಗೆ ಕಟ್ಟಡ ಕಟ್ಟಿಸಿದ. ಮುಂದೆ ಅಮೆರಿಕದ ಅಂತರ್ಯುದ್ಧದಲ್ಲಿ ಲಿಂಕನ್ನನ ದಂಡನಾಯಕನಾದ ಹ್ಯಾಲೆಕ್ ಇವನೇ. ಕೆಸರಿನಲ್ಲಿ ಕಟ್ಟಡ ಕುಸಿಯದಿರಲೆಂದು ರೆಡ್‌ವುಡ್ ದಿಮ್ಮಿಗಳನ್ನು ಅಡ್ಡಡ್ಡ ಜೋಡಿಸಿ ದೊಡ್ಡ ತೆಪ್ಪ ಮಾಡಿಸಿ, ಅದರ ಮೇಲೆ ಗೋಡೆ ಎಬ್ಬಿಸಿದ. ಊರವರು ನಕ್ಕರು. ‘ಹ್ಯಾಲೆಕ್‌ನ ಹುಚ್ಚಾಟ’ ಎಂದು ಹೆಸರಿಟ್ಟರು. ಮಿಸಿಸಿಪ್ಪಿ ನದಿಯಿಂದ ಪಶ್ಚಿಮಕ್ಕೆ ಆ ಕಾಲದಲ್ಲಿ ಅದಕ್ಕಿಂತ ಎತ್ತರದ ಕಟ್ಟಡ ಇರಲಿಲ್ಲ ಎಂದರೆ ಉಳಿದ ಊರು ಹೇಗಿತ್ತೆಂದು ಊಹಿಸಬಹುದು. 1906ರ ಭೂಕಂಪದಲ್ಲಿ, ಅದರ ಬೆನ್ನಿಗೇ ಬಂದ ಬೆಂಕಿಯಲ್ಲಿ ಸುತ್ತಲಿನದೆಲ್ಲ ನೆಲಸಮವಾದರೂ ಹುಚ್ಚಾಟ ಮಾತ್ರ ನಿಂತಿತ್ತು.

ವಕೀಲರು, ವ್ಯಾಪಾರಿಗಳು ಖಾಲಿ ಮಾಡಿದ ಕೋಣೆಗಳಿಗೆ ಚಿತ್ರಕಾರರು, ಕವಿಗಳು, ಪತ್ರಕರ್ತರು ಬಂದರು. ಮಾಂಟ್ಗೊಮರಿ ಬ್ಲಾಕ್ ಎಂಬ ಗಂಭೀರ ಹೆಸರು ಜನರ ಬಾಯಲ್ಲಿ ‘ಮಂಕಿ ಬ್ಲಾಕ್’ ಆಯಿತು. ಕಾದಂಬರಿಕಾರ ಜ್ಯಾಕ್ ಲಂಡನ್, ಕವಿ ಜಾರ್ಜ್ ಸ್ಟರ್ಲಿಂಗ್ ಓಡಾಡಿದ ಜಾಗ ಅದು. ಅದರ ನೆಲಮಾಳಿಗೆಯ ಹಬೆಸ್ನಾನದ ಕೋಣೆಯಲ್ಲಿ ಮಾರ್ಕ್ ಟ್ವೇನ್‌ಗೆ ಟಾಮ್ ಸಾಯರ್ ಎಂಬ ನಿಜವಾದ ಮನುಷ್ಯನೊಬ್ಬ ಸಿಕ್ಕಿದ್ದನಂತೆ. ಈ ‘ಅಂತೆ’ಯನ್ನು ಸ್ಯಾನ್ ಫ್ರಾನ್ಸಿಸ್ಕೊದವರು ಬಿಟ್ಟುಕೊಡುವುದಿಲ್ಲ, ನಾವೂ ಹಾಗೇ ಇಟ್ಟುಕೊಳ್ಳೋಣ. ಭೂಕಂಪಕ್ಕೆ ಬಗ್ಗದ ಈ ಕಟ್ಟಡವನ್ನು 1959ರಲ್ಲಿ ಕೆಡವಿಹಾಕಿದರು. ಮುಂದಿನ ಹತ್ತು ವರ್ಷ ಅಲ್ಲಿ ನಿಂತಿದ್ದು ಬರೀ ಕಾರುಗಳು.

ಕಾರುಗಳ ಆ ಬಯಲಿಗೆ ಎದುರಾಗಿ, ಕೊಲಂಬಸ್ ಅವೆನ್ಯೂ ಶುರುವಾಗುವ ಮೂಲೆಯ ಪುಟ್ಟ ಬಿಳಿ ಕಟ್ಟಡವೊಂದರಲ್ಲಿ ಟ್ರಾನ್ಸ್‌ಅಮೆರಿಕ ಕಂಪನಿಯ ಕಚೇರಿ ಇತ್ತು. ಈ ಕಂಪನಿಯನ್ನು 1928ರಲ್ಲಿ ಹುಟ್ಟುಹಾಕಿದವನು ಎ. ಪಿ. ಜಿಯಾನಿನಿ. ಇಟಲಿಯಿಂದ ವಲಸೆ ಬಂದವರ ಮಗ; ತರಕಾರಿ, ಹಣ್ಣಿನ ಸಗಟು ವ್ಯಾಪಾರದಲ್ಲಿ ಪಳಗಿ 1904ರಲ್ಲಿ ‘ಬ್ಯಾಂಕ್ ಆಫ್ ಇಟಲಿ’ ತೆರೆದವನು. 1906ರಲ್ಲಿ ಬೆಂಕಿ ಹತ್ತಿರ ಬರುತ್ತಿದ್ದಂತೆ ಬ್ಯಾಂಕಿನ ಹಣವನ್ನೆಲ್ಲ ಗಾಡಿಗೆ ಹೇರಿ, ಮೇಲೆ ಕಿತ್ತಳೆ ಪೆಟ್ಟಿಗೆಗಳನ್ನು ಮುಚ್ಚಿ ಊರಾಚೆ ಸಾಗಿಸಿದ. ಉಳಿದ ಬ್ಯಾಂಕುಗಳ ತಿಜೋರಿಗಳು ಇನ್ನೂ ಬಿಸಿಯಾಗಿ ತೆರೆಯಲಾಗದೆ ಇದ್ದಾಗ, ಈತ ಬಂದರಿನ ಕಟ್ಟೆಯ ಮೇಲೆ ಎರಡು ಪೀಪಾಯಿಗೆ ಅಡ್ಡ ಹಲಗೆ ಹಾಕಿ ಕೂತು ಸಾಲ ಕೊಡತೊಡಗಿದ. ಆ ಬ್ಯಾಂಕೇ ಮುಂದೆ ‘ಬ್ಯಾಂಕ್ ಆಫ್ ಅಮೆರಿಕ’. 1956ರಲ್ಲಿ ಬಂದ ಕಾನೂನಿನಿಂದ ಟ್ರಾನ್ಸ್‌ಅಮೆರಿಕ ತನ್ನ ಕೈಯಲ್ಲಿದ್ದ ಬ್ಯಾಂಕುಗಳನ್ನು ಬಿಡಬೇಕಾಯಿತು. ಅದು ವಿಮೆ ಮತ್ತಿತರ ವ್ಯವಹಾರದ ಕಂಪನಿಯಾಗಿ ಉಳಿಯಿತು.

ಒಬ್ಬನೇ ಮನುಷ್ಯ ಹುಟ್ಟುಹಾಕಿದ ಈ ಎರಡು ಸಂಸ್ಥೆಗಳೂ ಒಂದೇ ಕಾಲದಲ್ಲಿ, ನಾಲ್ಕಾರು ಬೀದಿಗಳ ಅಂತರದಲ್ಲಿ ಗಗನಚುಂಬಿ ಕಟ್ಟಿದವು. ಎರಡನ್ನೂ ಜೊತೆಗಿಟ್ಟು ನೋಡಿದರೆ ಮಾತ್ರ ಪಿರಮಿಡ್ಡಿನ ಹುರುಳು ತಿಳಿಯುತ್ತದೆ. ಬ್ಯಾಂಕ್ ಆಫ್ ಅಮೆರಿಕದ ಕಟ್ಟಡ 1969ರಲ್ಲಿ ಮುಗಿಯಿತು. 52 ಮಹಡಿ, 779 ಅಡಿ, ಕಡುಗಂದು ಬಣ್ಣದ ಗ್ರಾನೈಟ್. ಬಿಳಿ ಮತ್ತು ತಿಳಿ ಬಣ್ಣದ ಮನೆಗಳ ಊರಿನಲ್ಲಿ ಅದು ಎಲ್ಲಿಂದ ನೋಡಿದರೂ ಕಣ್ಣಿಗೆ ಅಡ್ಡ ಬಂತು. ಅದಕ್ಕೂ ಒಂದು ಸಾರ್ವಜನಿಕ ಅಂಗಳ ಇತ್ತು, ಜಿಯಾನಿನಿಯ ಹೆಸರಿನದೇ. ಆದರೆ ಅಂಗಳ ಇಟ್ಟದ್ದು ಕಟ್ಟಡದ ಉತ್ತರಕ್ಕೆ. ಆ ಅಕ್ಷಾಂಶದಲ್ಲಿ ನಡುಹಗಲಿನ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ವಾಲಿರುತ್ತಾನೆ. ಹಾಗಾಗಿ ಕಟ್ಟಡದ ನೆರಳು ಬೀಳುವುದು ತನ್ನ ಅಂಗಳದ ಮೇಲೇ. ಕೊಲ್ಲಿಯ ಗಾಳಿ ಬೇರೆ. ಅಂಗಳದ ನಡುವಿನ ಕರಿಗಲ್ಲಿನ ಶಿಲ್ಪಕ್ಕೆ ಕಲಾವಿದರು ಇಟ್ಟ ಹೆಸರು ಏನೇ ಇರಲಿ, ಜನ ಕರೆದದ್ದು ‘ಬ್ಯಾಂಕರನ ಹೃದಯ’ ಎಂದು.

ಟ್ರಾನ್ಸ್‌ಅಮೆರಿಕದ ಮುಖ್ಯಸ್ಥ ಜಾನ್ ಬೆಕೆಟ್ ತನ್ನ ಕಟ್ಟಡದಿಂದ ಬೀದಿಗೆ ಬೆಳಕು ತಪ್ಪಬಾರದು ಎಂದ. ಮರದ ಕೊಂಬೆಗಳ ನಡುವೆ ಬೆಳಕು ಸೋಸಿ ಕೆಳಗಿಳಿಯುವ ಹಾಗೆ ಇರಬೇಕು ಎಂಬುದು ಅವನ ಆಸೆ ಎಂದು ಕಂಪನಿ ಹೇಳಿಕೊಂಡು ಬಂತು. ಊರಿಗೆಲ್ಲ ಕಾಣುವ ಜಾಹೀರಾತು ಬೇಕೆಂಬುದೂ ಮನಸ್ಸಿನಲ್ಲಿ ಇದ್ದೇ ಇತ್ತು ಎಂದು ನನ್ನ ಎಣಿಕೆ: ಕಟ್ಟಡದ ಆಕಾರವೇ ಮುಂದೆ ಕಂಪನಿಯ ಮುದ್ರೆಯಾಯಿತು.

ಕೆಲಸ ಒಪ್ಪಿಸಿದ್ದು ವಿಲಿಯಂ ಪೆರೇರಾಗೆ. ಸ್ಯಾನ್ ಫ್ರಾನ್ಸಿಸ್ಕೊದವರ ದೃಷ್ಟಿಯಲ್ಲಿ ಪೆರೇರಾನ ಮೊದಲ ತಪ್ಪು ಅವನು ಲಾಸ್ ಏಂಜಲೀಸ್‌ನವನು ಎಂಬುದು. ಎರಡನೆಯದು ಹಾಲಿವುಡ್. ಸಿನಿಮಾಗಳಿಗೆ ಕಲಾ ನಿರ್ದೇಶನ ಮಾಡಿ, 1942ರ ಚಿತ್ರವೊಂದರ ವಿಶೇಷ ದೃಶ್ಯಗಳಿಗೆ ಆಸ್ಕರ್ ಪ್ರಶಸ್ತಿಯನ್ನೂ ಹಂಚಿಕೊಂಡಿದ್ದವನು. ಇಂಥವನು ತಂದಿಟ್ಟ ಮಾದರಿಯನ್ನು ಊರಿನ ವಾಸ್ತುಶಿಲ್ಪಿಗಳು ಸಿನಿಮಾ ಸೆಟ್ ಎಂದೇ ನೋಡಿದರು. ಆದರೆ ಅರ್ವೈನ್‌ನ ವಿಶ್ವವಿದ್ಯಾಲಯದ ಇಡೀ ಆವರಣವನ್ನೇ ಯೋಜಿಸಿದ್ದ ಪೆರೇರಾ ಸೆಟ್ ಹಾಕುವವನಷ್ಟೇ ಆಗಿರಲಿಲ್ಲ. ಪಿರಮಿಡ್ ಆಕಾರದಲ್ಲಿ ಅವನ ಮನಸ್ಸು ಮೊದಲೇ ನೆಟ್ಟಿತ್ತು. ನ್ಯೂಯಾರ್ಕಿನ ಟಿವಿ ಕಂಪನಿಯೊಂದಕ್ಕೆ ಅಂಥದೇ ನಕ್ಷೆ ಕೊಟ್ಟಿದ್ದ, ಅದು ಕಟ್ಟಡವಾಗಲಿಲ್ಲ.

ನಕ್ಷೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಐದನೇ ಮಹಡಿ ಇಡೀ ಕಟ್ಟಡದಲ್ಲೇ ಅಗಲ: ಒಂದೊಂದು ಬದಿ 145 ಅಡಿ. ಅಲ್ಲಿಂದ ಮೇಲೆ ಗೋಪುರದ ನಿಲೆಗಳಂತೆ ಪ್ರತಿ ಮಹಡಿಯೂ ಕೆಳಗಿನದಕ್ಕಿಂತ ಕಿರಿದು. 48ನೆಯದಕ್ಕೆ ಬರುವ ಹೊತ್ತಿಗೆ ಬದಿಗೆ 45 ಅಡಿ ಮಾತ್ರ. ಹೀಗಾದಾಗ ಒಂದು ಫಜೀತಿ. ಲಿಫ್ಟ್ ನೇರ ಮೇಲೆ ಹೋಗಬೇಕು, ಗೋಡೆ ಒಳಕ್ಕೆ ಬಾಗುತ್ತದೆ. ಲಿಫ್ಟಿನ ಬಾವಿಯನ್ನು ಒಳಗೇ ಇಟ್ಟರೆ ಮೇಲಿನ ಮಹಡಿಗಳಲ್ಲಿ ಕೂರಲು ಜಾಗವೇ ಉಳಿಯುವುದಿಲ್ಲ. ಅದಕ್ಕೇ 29ನೇ ಮಹಡಿಯಿಂದ ಮೇಲೆ ಎರಡು ಪಕ್ಕಗಳಲ್ಲಿ ರೆಕ್ಕೆಗಳು ಹೊರಚಾಚಿವೆ. ಪೂರ್ವದ ರೆಕ್ಕೆಯಲ್ಲಿ ಲಿಫ್ಟ್. ಪಶ್ಚಿಮದ್ದರಲ್ಲಿ ಮೆಟ್ಟಿಲು ಮತ್ತು ಬೆಂಕಿ ಬಿದ್ದಾಗ ಹೊಗೆ ಹೊರಗೆ ಹೋಗುವ ದಾರಿ. ಚಿತ್ರದಲ್ಲಿ ಅಲಂಕಾರದಂತೆ ಕಾಣುವುದು ವಾಸ್ತವವಾಗಿ ಅಡಚಣೆಗೆ ಕಂಡುಕೊಂಡ ಉಪಾಯ. ಇರುವ 18 ಲಿಫ್ಟ್‌ಗಳಲ್ಲಿ ತುದಿಯವರೆಗೆ ಹೋಗುವುದು ಎರಡೇ. ಕಿಟಕಿಗಳ ಲೆಕ್ಕ 3,678. ವಾಲಿದ ಗೋಡೆಯ ಹೊರಗೆ ತೊಟ್ಟಿಲು ಕಟ್ಟಿ ಆಳುಗಳನ್ನು ಇಳಿಬಿಡುವುದು ಕಷ್ಟವೆಂದು, ಹೆಚ್ಚಿನ ಕಿಟಕಿಗಳು ತಮ್ಮ ನಡುಗೂಟದ ಮೇಲೆ ಪೂರ್ತಿ ಒಂದು ಸುತ್ತು ತಿರುಗುವಂತೆ ಮಾಡಿದರು. ಹೊರಮೈಯನ್ನು ಒಳಕ್ಕೆ ತಿರುಗಿಸಿಕೊಂಡು ಒರೆಸಿದರಾಯಿತು. ಮೇಲಿನ 212 ಅಡಿ ಶಿಖರದಲ್ಲಿ ಕಚೇರಿ ಇಲ್ಲ, ಅಲ್ಯೂಮಿನಿಯಂ ಹೊದಿಕೆಯ ಟೊಳ್ಳು.

1969ರಲ್ಲಿ ಯೋಜನೆ ಹೊರಬಿದ್ದಾಗ ಎತ್ತರ ಇದಕ್ಕೂ ಹೆಚ್ಚಿತ್ತು. ಮೊದಲ ಕಲ್ಪನೆ 1,150 ಅಡಿಯದು. ನಾಬ್ ಹಿಲ್ ಗುಡ್ಡದ ಮೇಲಿನವರಿಗೆ ಕೊಲ್ಲಿ ಮರೆಯಾಗುತ್ತದೆ ಎಂಬ ತಕರಾರಿನಿಂದ ಅದು ಇಳಿಯಿತು. ಇಳಿದರೂ ಜಗಳ ನಿಲ್ಲಲಿಲ್ಲ. ಲಾಸ್ ಏಂಜಲೀಸ್ ಟೈಮ್ಸ್‌ನ ವಿಮರ್ಶಕ ಜಾನ್ ಪಾಸ್ಟಿಯರ್ ಇದನ್ನು ಸಮಾಜವಿರೋಧಿ ವಾಸ್ತುಶಿಲ್ಪ ಎಂದು ಝಾಡಿಸಿದ. ಪ್ರತಿಭಟನೆಗೆ ಬಂದವರು ತಲೆಗೆ ಪಿರಮಿಡ್ಡಿನಂಥ ಚೂಪು ಟೋಪಿ ಹಾಕಿಕೊಂಡು ಬೀದಿಯಲ್ಲಿ ನಡೆದರು. ದಡ್ಡ ಹುಡುಗರಿಗೆ ಹಳೆಯ ಶಾಲೆಗಳಲ್ಲಿ ತೊಡಿಸುತ್ತಿದ್ದ ಟೋಪಿಯೂ ಅದೇ ಆಕಾರದ್ದು. ಪೆರೇರಾನ ಹೆಸರು ಸೇರಿಸಿ ಕಟ್ಟಿದ ಒಂದು ಅಡ್ಡಹೆಸರನ್ನು ಇಲ್ಲಿ ಬರೆಯುವಂತಿಲ್ಲ.

ಬೈಗುಳಕ್ಕಿಂತ ಗಟ್ಟಿಯಾದ ವಿರೋಧ ಬಂದದ್ದು ನಗರ ಯೋಜನಾ ಇಲಾಖೆಯ ನಿರ್ದೇಶಕ ಅಲನ್ ಜೇಕಬ್ಸ್‌ನಿಂದ. ಮಾಂಟ್ಗೊಮರಿ ಬೀದಿಯ ಆ ತುದಿಯಲ್ಲಿ ಹಣಕಾಸಿನ ಕೇರಿ ಮುಗಿದು ಚೈನಾಟೌನ್, ನಾರ್ತ್ ಬೀಚ್, ಜ್ಯಾಕ್ಸನ್ ಸ್ಕ್ವೇರ್‌ನ ಹಳೆಯ ಇಟ್ಟಿಗೆ ಕಟ್ಟಡಗಳು ಶುರುವಾಗುತ್ತವೆ. ಗಗನಚುಂಬಿಗಳು ಈ ಗೆರೆ ದಾಟಿದರೆ ಮುಂದೆ ತಡೆಯುವುದು ಹೇಗೆ? ಇನ್ನೊಂದು ಸಂಗತಿ, ಕಟ್ಟಡಕ್ಕೆ ಜಾಗ ಸಾಲುತ್ತಿರಲಿಲ್ಲ. ನಿವೇಶನದ ನಡುವೆ ಹಾದುಹೋಗುತ್ತಿದ್ದ ಮರ್ಚೆಂಟ್ ಬೀದಿಯ ತುಂಡನ್ನು ನಗರಸಭೆ ಕಂಪನಿಗೆ ಬಿಟ್ಟುಕೊಡಬೇಕಿತ್ತು. ಸಾರ್ವಜನಿಕರ ಓಣಿಯನ್ನು ಖಾಸಗಿಯವರಿಗೆ ಕೊಡುವುದೇ ಎಂಬ ಪ್ರಶ್ನೆಗೆ ಮೇಯರ್ ಜೋಸೆಫ್ ಅಲಿಯೋಟೊ ಬಳಿ ತಡವರಿಕೆ ಇರಲಿಲ್ಲ. ಅವನು ಕಟ್ಟಡದ ಪರ ಗಟ್ಟಿಯಾಗಿ ನಿಂತ. ಓಣಿ ಹೋಯಿತು. 1969ರ ಡಿಸೆಂಬರಿನಲ್ಲಿ ಕೆಲಸ ಶುರುವಾಯಿತು.

ಬೆಳಕಿನ ವಾದ ಎಷ್ಟು ನಿಜ? ಒಂದೇ ಬುಡ, ಒಂದೇ ಎತ್ತರವಿದ್ದರೆ ಪೂರ್ತಿ ಪಿರಮಿಡ್ಡಿನ ಹೊಟ್ಟೆಯಲ್ಲಿ ಹಿಡಿಸುವುದು ಪೆಟ್ಟಿಗೆಯದರ ಮೂರನೇ ಒಂದು ಪಾಲು. ಬಾಡಿಗೆಗೆ ಬೇಕಾದಷ್ಟು ಚದರಡಿ ಸಿಗಬೇಕಾದರೆ ಅದು ಪೆಟ್ಟಿಗೆಗಿಂತ ಎತ್ತರ ಹೋಗಲೇಬೇಕು. ಹಾಗಾಗಿ ನೆರಳು ತೆಳ್ಳಗಾಗುತ್ತದೆ, ಉದ್ದವೂ ಆಗುತ್ತದೆ. ತೆಳ್ಳಗಿನ ನೆರಳು ಬೇಗ ಸರಿದುಹೋಗುತ್ತದೆ ಎಂಬುದು ಬೀದಿಯಲ್ಲಿ ನಿಂತವನಿಗೆ ಲಾಭ. ದೂರದ ಬೀದಿಗೂ ಒಂದು ಗಳಿಗೆ ನೆರಳು ತಟ್ಟುತ್ತದೆ ಎಂಬುದು ನಷ್ಟ. ಕಂದುಬಣ್ಣದ ಪಕ್ಕದ ದೈತ್ಯನಿಗೆ ಹೋಲಿಸಿದರೆ ಬೆಕೆಟ್‌ನ ಮಾತು ಬರೀ ಬೂಟಾಟಿಕೆಯಾಗಿರಲಿಲ್ಲ.

ಹಿಂದೆ ಸಮುದ್ರವಿದ್ದ ನೆಲವಾದ್ದರಿಂದ ಪಾಯಕ್ಕೆ 52 ಅಡಿ ತೋಡಿದರು. ಹ್ಯಾಲೆಕ್ ಮರದ ತೆಪ್ಪ ಹಾಕಿದ್ದ. ಇವರು ಒಂಬತ್ತು ಅಡಿ ದಪ್ಪದ ಕಾಂಕ್ರೀಟ್ ತೆಪ್ಪ ಹಾಕಿದರು. ಇಡೀ ಕಟ್ಟಡ ಒಂದೇ ಹಾಸಿನ ಮೇಲೆ ಕೂರಬೇಕು, ನೆಲ ಅಲುಗಿದರೆ ಒಟ್ಟಿಗೇ ಅಲುಗಬೇಕು ಎಂಬ ಲೆಕ್ಕ ಎರಡಕ್ಕೂ ಒಂದೇ. ಬುಡದಲ್ಲಿ ಕಟ್ಟಡದ ಸುತ್ತ ಓರೆ ಕಂಬಗಳು ತ್ರಿಕೋನಗಳಾಗಿ ಹೆಣೆದುಕೊಂಡಿವೆ; ಮೇಲಿನ ಭಾರವನ್ನಷ್ಟೇ ಅಲ್ಲ, ಪಕ್ಕದಿಂದ ಬರುವ ಒತ್ತಡವನ್ನೂ ಹೊರುವುದು ಅವುಗಳ ಕೆಲಸ. ಹೊರಮೈಗೆ ಬಿಳಿ ಸ್ಫಟಿಕದ ಪುಡಿ ಬೆರೆಸಿದ ಕಾಂಕ್ರೀಟ್ ಹಲಗೆಗಳು, ಅವುಗಳ ನಡುವೆ ಅಲುಗಾಟಕ್ಕೆಂದು ಬಿಟ್ಟ ಸಂದುಗಳು. ಸುಮಾರು 3.2 ಕೋಟಿ ಡಾಲರ್ ಖರ್ಚಿನಲ್ಲಿ 1972ರಲ್ಲಿ ಕಟ್ಟಡ ಮುಗಿದಾಗ ಷಿಕಾಗೋದಿಂದ ಪಶ್ಚಿಮಕ್ಕೆ ಎಲ್ಲಕ್ಕಿಂತ ಎತ್ತರದ್ದು ಅದೇ. ಆ ಹೆಮ್ಮೆ ಎರಡೇ ವರ್ಷದ್ದು. ಲಾಸ್ ಏಂಜಲೀಸ್‌ನಲ್ಲಿ 858 ಅಡಿಯದೊಂದು ಎದ್ದಿತು. ಐದಡಿ ಹೆಚ್ಚು! ಅದನ್ನು ವಿನ್ಯಾಸ ಮಾಡಿದ ಚಾರ್ಲ್ಸ್ ಲಕ್‌ಮನ್ ಒಂದು ಕಾಲಕ್ಕೆ ಪೆರೇರಾನ ಪಾಲುದಾರ.

ನಿಜವಾದ ಪರೀಕ್ಷೆ 1989ರ ಅಕ್ಟೋಬರ್ 17ರ ಸಂಜೆ. 6.9 ತೀವ್ರತೆಯ ಲೋಮಾ ಪ್ರಿಯೇಟಾ ಭೂಕಂಪದಲ್ಲಿ ಬೇ ಬ್ರಿಜ್‌ನ ತುಂಡು ಬಿತ್ತು, ಓಕ್‌ಲೆಂಡ್‌ನಲ್ಲಿ ಎರಡಂತಸ್ತಿನ ಹೆದ್ದಾರಿ ಕುಸಿದು ಹತ್ತಾರು ಜನ ಸತ್ತರು. ಪಿರಮಿಡ್ಡಿನಲ್ಲಿ ಅಳವಡಿಸಿದ್ದ ಉಪಕರಣಗಳು ದಾಖಲಿಸಿದಂತೆ ಮೇಲಿನ ಮಹಡಿ ಹೆಚ್ಚುಕಡಿಮೆ ಒಂದು ಅಡಿ ಅತ್ತಿತ್ತ ತೂಗಿತು, ಒಂದು ನಿಮಿಷಕ್ಕೂ ಹೆಚ್ಚು ಹೊತ್ತು. ಕಟ್ಟಡಕ್ಕೆ ಏನೂ ಆಗಲಿಲ್ಲ.

ಪಾರ್ಕಿನ ಮಾತಿಗೆ ಬರೋಣ. ಪಿರಮಿಡ್ಡಿನ ಪೂರ್ವ ಪಕ್ಕದಲ್ಲಿ, ಸುಮಾರು ಅರ್ಧ ಎಕರೆಯಲ್ಲಿ, ಟಾಮ್ ಗ್ಯಾಲಿ ಎಂಬ ಭೂದೃಶ್ಯ ವಿನ್ಯಾಸಕಾರ ಒಂದು ರೆಡ್‌ವುಡ್ ತೋಪು ನೆಡಿಸಿದ. ಸಾಂತಾ ಕ್ರೂಜ್ ಬೆಟ್ಟಗಳಿಂದ ಸುಮಾರು 80 ಮರಗಳನ್ನು ಬೇರುಸಹಿತ ತಂದು ಊರಿದರು. ಕರಾವಳಿಯ ರೆಡ್‌ವುಡ್ ಮುನ್ನೂರು ಅಡಿ ದಾಟಿ ಬೆಳೆಯುವ ಜಾತಿ, ಆದರೆ ಅದರ ಬೇರು ಆಳಕ್ಕೆ ಹೋಗುವುದಿಲ್ಲ. ಅಗಲಕ್ಕೆ ಹರಡಿ ಅಕ್ಕಪಕ್ಕದ ಮರಗಳ ಬೇರಿನೊಂದಿಗೆ ಹೆಣೆದುಕೊಂಡು ನಿಲ್ಲುತ್ತದೆ. ಬೇಸಿಗೆಯಲ್ಲಿ ಮಳೆಯಿಲ್ಲದ ಆ ಸೀಮೆಯಲ್ಲಿ ಮಂಜಿನ ಹನಿಯೇ ಅದಕ್ಕೆ ನೀರು. ಹತ್ತೊಂಬತ್ತನೇ ಶತಮಾನದ ಸ್ಯಾನ್ ಫ್ರಾನ್ಸಿಸ್ಕೊ ಇಂಥ ಮರಗಳನ್ನು ಕಡಿದು ಕಟ್ಟಿದ ಊರು. ಹ್ಯಾಲೆಕ್‌ನ ತೆಪ್ಪವೂ ಅದರದೇ. ನೂರಿಪ್ಪತ್ತು ವರ್ಷದ ಮೇಲೆ ಅದೇ ನಿವೇಶನಕ್ಕೆ ಜೀವಂತ ಮರಗಳನ್ನು ತರಿಸಿ ಕೂರಿಸುವಷ್ಟು ಕಂಪನಿಗೆ ಹಣವಿತ್ತು. ಪೂರಾ ಬಿಸಿಲಿನ ಹೆಸರಿನಲ್ಲಿ ನಡೆದ ಜಗಳದ ಕೊನೆಗೆ ಜನರಿಗೆ ಸಿಕ್ಕಿದ್ದು ದಟ್ಟ ನೆರಳು. ಜನ ಅದನ್ನೇ ಇಷ್ಟಪಟ್ಟರು.

ಮಧ್ಯಾಹ್ನ ಡಬ್ಬಿ ಬಿಚ್ಚಿ ಕೂರುವ ಗುಮಾಸ್ತರಿಗೆ ಹೇಳಿಮಾಡಿಸಿದ ಜಾಗ. ಕಾರಂಜಿಯಲ್ಲಿ ಕಂಚಿನ ಕಪ್ಪೆಗಳು ನೆಗೆಯುತ್ತವೆ. ಮಾರ್ಕ್ ಟ್ವೇನ್‌ಗೆ ಹೆಸರು ತಂದುಕೊಟ್ಟ ಕಪ್ಪೆಯ ಕಥೆಗೆ ಸಲ್ಲಿಸಿದ ನಮಸ್ಕಾರ. ಕೈ ಕೈ ಹಿಡಿದು ನೀರಹೊಂಡ ಹಾರುತ್ತಿರುವ ಆರು ಮಕ್ಕಳ ಕಂಚಿನ ಶಿಲ್ಪ ಗ್ಲೆನಾ ಗುಡೇಕರ್ ಮಾಡಿದ್ದು. ನನಗೆ ಹೆಚ್ಚು ಹಿಡಿಸುವುದು ಎರಡು ಬೀದಿನಾಯಿಗಳ ನೆನಪಿನ ಫಲಕ. 1860ರ ದಶಕದಲ್ಲಿ ಬಮ್ಮರ್, ಲ್ಯಾಜರಸ್ ಎಂಬ ಈ ಜೋಡಿ ಇಲಿ ಹಿಡಿಯುವುದರಲ್ಲಿ ಎಷ್ಟು ಹೆಸರು ಮಾಡಿತ್ತೆಂದರೆ, ಇವಕ್ಕೆ ನಾಯಿ ಹಿಡಿಯುವವರ ಕಾಟದಿಂದ ವಿನಾಯಿತಿ ಸಿಕ್ಕಿತ್ತು. ಪತ್ರಿಕೆಗಳು ಇವುಗಳ ಕ್ಷೇಮಸಮಾಚಾರ ಬರೆಯುತ್ತಿದ್ದವು. ಬಮ್ಮರ್ ಸತ್ತಾಗ ಶ್ರದ್ಧಾಂಜಲಿ ಬರೆದವರಲ್ಲಿ ಟ್ವೇನ್ ಕೂಡ ಒಬ್ಬ.

ಒಂದು ಮಾತು ಮರೆಯಬಾರದು. ಈ ಪಾರ್ಕ್ ಸಾರ್ವಜನಿಕರಿಗೆ ತೆರೆದದ್ದು, ಸಾರ್ವಜನಿಕರದಲ್ಲ. ಬಹಳ ವರ್ಷ ಅದು ಕಚೇರಿಯ ದಿನಗಳಲ್ಲಿ, ಕಚೇರಿಯ ಹೊತ್ತಿನಲ್ಲಿ ಮಾತ್ರ ತೆರೆದಿರುತ್ತಿತ್ತು. ನಗರಸಭೆಯ ಓಣಿಗೆ ಬಾಗಿಲು ಇರಲಿಲ್ಲ, ತೋಪಿಗೆ ಗೇಟು ಬಂತು.

ಜಗಳದಲ್ಲಿ ಸೋತವರು ಸುಮ್ಮನೆ ಮನೆಗೆ ಹೋಗಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊವನ್ನು ಪಿರಮಿಡ್ಡಿಗಿಂತ ಹೆಚ್ಚು ಬದಲಿಸಿದವರು ಇವರೇ ಎಂಬುದು ನನ್ನ ಅಭಿಪ್ರಾಯ. ಬಂದರಿನ ಅಂಚಿನಲ್ಲಿ ಯು. ಎಸ್. ಸ್ಟೀಲ್ ಕಂಪನಿ ಕಟ್ಟಬೇಕೆಂದಿದ್ದ 550 ಅಡಿ ಗೋಪುರ 1971ರಲ್ಲಿ ಮುರಿದುಬಿತ್ತು. ಅದೇ ವರ್ಷ ಆಲ್ವಿನ್ ಡಸ್ಕಿನ್ ಎಂಬ ಬಟ್ಟೆ ತಯಾರಕ, ಊರಿನಲ್ಲಿ ಆರು ಮಹಡಿಗಿಂತ ಮೇಲೆ ಕಟ್ಟಲು ಜನಮತ ಬೇಕೆಂಬ ಪ್ರಸ್ತಾವವನ್ನು ಮತಕ್ಕಿಟ್ಟ, ಸೋತ. ಆದರೆ ಜೇಕಬ್ಸ್‌ನ ಇಲಾಖೆ 1971ರಲ್ಲಿ ತಂದ ನಗರ ವಿನ್ಯಾಸ ಯೋಜನೆ ಕೇರಿ ಕೇರಿಗೂ ಎತ್ತರದ ಮಿತಿಗೆ ದಾರಿ ಮಾಡಿತು. 1984ರಲ್ಲಿ ಮತದಾರರು ಒಪ್ಪಿದ ಕಾನೂನು ಇನ್ನೂ ಸ್ವಾರಸ್ಯದ್ದು: ನಗರದ ಪಾರ್ಕುಗಳ ಮೇಲೆ ಹೆಚ್ಚಿನ ನೆರಳು ಚೆಲ್ಲುವ ಹೊಸ ಕಟ್ಟಡಕ್ಕೆ ಪರವಾನಗಿ ಕೊಡುವಂತಿಲ್ಲ. ಬಿಸಿಲನ್ನು ಕಾನೂನು ಕಾಯುವ ಸ್ವತ್ತು ಮಾಡಿದ್ದು ಆ ಊರು. ಮರುವರ್ಷದ ಡೌನ್‌ಟೌನ್ ಯೋಜನೆ ಎತ್ತರದ ಕಟ್ಟಡಗಳು ಮೇಲೆ ಹೋದಂತೆ ಕಿರಿದಾಗಬೇಕು ಎಂದಿತು. ಪ್ರತಿ 50 ಚದರಡಿ ಕಚೇರಿಗೆ ಒಂದು ಚದರಡಿಯಂತೆ ಜನರಿಗೆ ತೆರೆದ ಜಾಗ ಬಿಡಬೇಕು ಎಂದೂ ಹೇಳಿತು. ಮೊನಚು ತುದಿ, ಪಕ್ಕದಲ್ಲಿ ಪಾರ್ಕ್: ವಿರೋಧಿಗಳು ಬೈದ ಕಟ್ಟಡದ ಎರಡು ಗುಣಗಳು ಎಲ್ಲರಿಗೂ ಕಡ್ಡಾಯವಾದವು.

ನಿಯಮ ಬಾಗಿದ್ದೂ ಉಂಟು. ಮಿಷನ್ ಬೀದಿಯ ಬಸ್ ನಿಲ್ದಾಣದ ಪಕ್ಕ ಭಾರೀ ಗೋಪುರ ಬರಬೇಕೆಂದು ಯೂನಿಯನ್ ಸ್ಕ್ವೇರ್, ಪೋರ್ಟ್ಸ್‌ಮತ್ ಸ್ಕ್ವೇರ್ ಮುಂತಾದ ಪಾರ್ಕುಗಳ ಮೇಲೆ ಬೀಳಬಹುದಾದ ನೆರಳಿನ ಮಿತಿಯನ್ನು 2012ರಲ್ಲಿ ಸಡಿಲಿಸಿದರು. ಪೋರ್ಟ್ಸ್‌ಮತ್ ಸ್ಕ್ವೇರ್ ಎಂದರೆ ಪಿರಮಿಡ್ಡಿನಿಂದ ನಡೆದು ಹೋಗುವಷ್ಟು ದೂರ. ಇಕ್ಕಟ್ಟಿನ ಕೋಣೆಗಳ ಚೈನಾಟೌನ್ ಮುದುಕರು ಬಿಸಿಲು ಕಾಯಿಸಿಕೊಳ್ಳುತ್ತ ಇಸ್ಪೀಟು ಆಡುವ ಜಾಗ. ಆ ಗೋಪುರವೇ 1,070 ಅಡಿಯ ಸೇಲ್ಸ್‌ಫೋರ್ಸ್ ಟವರ್; 2018ರಲ್ಲಿ ಅದು ತೆರೆಯಿತು, ಊರಿನಲ್ಲೇ ಎತ್ತರದ್ದು ಎಂಬ ಪಿರಮಿಡ್ಡಿನ 45 ವರ್ಷದ ಪಟ್ಟ ಹೋಯಿತು. ಇದಕ್ಕೂ ಪಕ್ಕದಲ್ಲೇ ಪಾರ್ಕ್, ಅದೂ ಬಸ್ ನಿಲ್ದಾಣದ ಮಾಳಿಗೆಯ ಮೇಲೆ 5.4 ಎಕರೆ. ತೆರೆದ ಕೆಲವೇ ವಾರಗಳಲ್ಲಿ ಉಕ್ಕಿನ ತೊಲೆಗಳಲ್ಲಿ ಬಿರುಕು ಕಂಡು ಮುಚ್ಚಬೇಕಾಯಿತು. ಮತ್ತೆ ಜನ ಹತ್ತಿದ್ದು 2019ರ ಜುಲೈಯಲ್ಲಿ.

ಅಷ್ಟರಲ್ಲಿ ಪಿರಮಿಡ್ಡಿನ ಮೇಲಿನ ಸಿಟ್ಟು ಯಾವಾಗ ಇಳಿಯಿತೋ ಯಾರಿಗೂ ನೆನಪಿರಲಿಲ್ಲ. ಸಿನಿಮಾದಲ್ಲಿ, ಪೋಸ್ಟ್‌ಕಾರ್ಡಿನಲ್ಲಿ, ಬೇ ಏರಿಯಾದ ಮಗಳ ಮನೆಗೆ ಹೋಗಿಬಂದ ನಮ್ಮೂರ ಅಪ್ಪ ಅಮ್ಮಂದಿರ ಫೋಟೊದಲ್ಲಿ ಊರಿನ ಗುರುತೆಂದರೆ ಗೋಲ್ಡನ್ ಗೇಟ್ ಸೇತುವೆಯ ನಂತರ ಇದೇ. ಟ್ರಾನ್ಸ್‌ಅಮೆರಿಕ ಕಂಪನಿಯನ್ನು 1999ರಲ್ಲಿ ನೆದರ್‌ಲೆಂಡ್ಸ್‌ನ ವಿಮಾ ಸಂಸ್ಥೆ ಏಗಾನ್ ಕೊಂಡಿತು. ಕಟ್ಟಡ 2020ರಲ್ಲಿ, ಸಾಂಕ್ರಾಮಿಕದಿಂದ ಕಚೇರಿಗಳೆಲ್ಲ ಖಾಲಿ ಹೊಡೆಯುತ್ತಿದ್ದ ಹೊತ್ತಿನಲ್ಲಿ, 65 ಕೋಟಿ ಡಾಲರ್‌ಗೆ ಕಟ್ಟಡೋದ್ಯಮಿ ಮೈಕೆಲ್ ಶ್ವೋ ಮತ್ತು ಅವನ ಜರ್ಮನ್ ಪಾಲುದಾರರ ಕೈಸೇರಿತು. ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್ ಸಂಸ್ಥೆಯ ವಿನ್ಯಾಸದಂತೆ ನವೀಕರಣ ಮುಗಿದು 2024ರ ಸೆಪ್ಟೆಂಬರಿನಲ್ಲಿ ಮತ್ತೆ ತೆರೆಯಿತು. ಮೇಲಿನ ಕಚೇರಿ ಮಹಡಿಗಳು ಬಾಡಿಗೆ ಕಟ್ಟುವವರಿಗೆ. ರೆಡ್‌ವುಡ್ ತೋಪಿಗೆ ಟಿಕೆಟ್ ಇಲ್ಲ, ಯಾರು ಬೇಕಾದರೂ ಹೋಗಿ ಕೂರಬಹುದು. ಬಾಗಿಲು ತೆರೆಯುವ, ಮುಚ್ಚುವ ಹೊತ್ತನ್ನು ಗೊತ್ತುಮಾಡುವವರು ಮಾಲೀಕರೇ.